ಯಾರೂ ಇಲ್ಲದ ಜಾಗದ ರೇಟು

ಸಾವಿರ ಜನರನ್ನು ಕರೆದು ಅಕ್ಷತೆ ಹಾಕಿಸಿಕೊಳ್ಳದಿದ್ದರೆ ನಮಗೆ ಮದುವೆಯಾದ ಹಾಗೇ ಅನ್ನಿಸುವುದಿಲ್ಲ. ಆ ಸಾವಿರ ಜನ ಉಂಡು ಕೈತೊಳೆಯುವ ಮೊದಲೇ, ಒಂದು ನರಪಿಳ್ಳೆಯೂ ಕಾಣದ ಜಾಗಕ್ಕೆ ಓಡಿಹೋದರೆ ಸಾಕಪ್ಪಾ ಅಂತ ವಧೂವರರಿಗೆ ಅನ್ನಿಸತೊಡಗುತ್ತದೆ. ಜನ ಸೇರಿಸುವುದಕ್ಕೆ ಒಂದಷ್ಟು ಲಕ್ಷ, ಜನರಿಂದ ತಪ್ಪಿಸಿಕೊಳ್ಳುವುದಕ್ಕೆ ಇನ್ನೊಂದಷ್ಟು ಲಕ್ಷ. ಮೊದಲ ಖರ್ಚಿನ ಹೆಸರು ಮದುವೆ, ಎರಡನೆಯದರ ಹೆಸರು ಹನಿಮೂನ್.

ಹಿಂದೆ ಈ ತಪ್ಪಿಸಿಕೊಳ್ಳುವ ಕೆಲಸ ಅಗ್ಗವಾಗಿತ್ತು. ಅಜ್ಜ-ಅಜ್ಜಿಯರ ಕಾಲದಲ್ಲಿ ಹೊಸ ಜೋಡಿ ಮನೆದೇವರಿಗೆ ಹೋಗಿಬಂದರೆ ಆಯಿತು. ಅದೂ ಜೊತೆಗೆ ಒಂದು ವ್ಯಾನು ತುಂಬ ನೆಂಟರು. ಅಪ್ಪ-ಅಮ್ಮನ ಕಾಲಕ್ಕೆ ಊಟಿ, ಮಡಿಕೇರಿ, ಕೊಡೈಕೆನಾಲ್ ಬಂದವು. ಸ್ವೆಟರ್ ಹಾಕಿಕೊಂಡ ಗಂಡ, ರೇಷ್ಮೆ ಸೀರೆಯ ಮೇಲೆ ಶಾಲು ಹೊದ್ದ ಹೆಂಡತಿ, ಹಿಂದೆ ಊಟಿಯ ಹೂವಿನ ತೋಟ, ಇಬ್ಬರ ನಡುವೆ ಒಂದು ಮೊಳ ಅಂತರ. ಈ ಫೋಟೊ ಇಲ್ಲದ ಆಲ್ಬಮ್ ಹಳೆ ಮೈಸೂರು ಸೀಮೆಯಲ್ಲಿ ಸಿಕ್ಕುವುದು ಕಷ್ಟ. ಈಗ ಛತ್ರದಲ್ಲಿ ಹೋಳಿಗೆ ಬಡಿಸಿಕೊಳ್ಳುತ್ತಾ ಸೋದರತ್ತೆ ಕೇಳುತ್ತಾರೆ: ‘ಎಲ್ಲಿಗೆ ಹೊರಟ್ರಿ?’ ಹುಡುಗ ‘ಮಡಿಕೇರಿ’ ಅಂದುಬಿಟ್ಟರೆ ಅತ್ತೆಯ ಮುಖದಲ್ಲಿ ಒಂದು ಕರುಣೆ ಹಾದುಹೋಗುತ್ತದೆ. ಆ ಕರುಣೆಯಿಂದ ಪಾರಾಗಲು ಅವನು ‘ಮಾಲ್ಡೀವ್ಸ್’ ಅನ್ನುತ್ತಾನೆ. ಬಜೆಟ್ ಶುರುವಾಗುವುದು ಅಲ್ಲಿಂದ.

ಮಾಲ್ಡೀವ್ಸ್ ಅಂದರೆ ಹಿಂದೂ ಮಹಾಸಾಗರದಲ್ಲಿ ಉದ್ದಕ್ಕೆ ಚೆಲ್ಲಿದ ಸುಮಾರು 1,190 ಹವಳದ ದ್ವೀಪಗಳು. ಜನ ವಾಸವಿರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಉಳಿದವು ಖಾಲಿ ಬಿದ್ದಿದ್ದವು. 1972ರಲ್ಲಿ ಕುರುಂಬಾ ಎಂಬ ಮೊದಲ ರಿಸಾರ್ಟ್ ತೆರೆಯಿತು ನೋಡಿ, ಆಗ ಆ ದೇಶಕ್ಕೆ ಒಂದು ದೊಡ್ಡ ಸತ್ಯ ಹೊಳೆಯಿತು: ತಮ್ಮಲ್ಲಿ ಧಾರಾಳವಾಗಿರುವ ‘ಯಾರೂ ಇಲ್ಲ’ ಎಂಬ ವಸ್ತುವಿಗೆ ಪ್ರಪಂಚದಲ್ಲಿ ಭಾರೀ ಬೇಡಿಕೆ ಇದೆ! ಅಂದಿನಿಂದ ಒಂದು ದ್ವೀಪಕ್ಕೆ ಒಂದೇ ರಿಸಾರ್ಟ್ ಎಂಬ ಪದ್ಧತಿ ನಿಂತಿತು. ಪಕ್ಕದ ಮನೆ ಇಲ್ಲ, ಎದುರು ಅಂಗಡಿ ಇಲ್ಲ, ‘ಎಲ್ಲಿಗೆ ಹೊರಟ್ರಿ’ ಅನ್ನುವ ಸೋದರತ್ತೆ ಇಲ್ಲ. ಅಲ್ಲಿ ನೀವು ದುಡ್ಡು ಕೊಡುವುದು ಇರುವುದಕ್ಕಲ್ಲ, ಇಲ್ಲದಿರುವುದಕ್ಕೆ. ಈ ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಬಿಲ್ಲುಗಳೆಲ್ಲ ಅರ್ಥವಾಗುತ್ತವೆ.

ಮೊದಲ ಪ್ರಶ್ನೆ, ಯಾವಾಗ ಹೋಗುವುದು? ಇದನ್ನು ನೀವು ನಿರ್ಧರಿಸುವುದಿಲ್ಲ, ಪುರೋಹಿತರು ನಿರ್ಧರಿಸುತ್ತಾರೆ. ಅಲ್ಲಿ ಆಕಾಶ ತಿಳಿಯಾಗಿರುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ರೇಟು ನೆತ್ತಿಗೇರುವುದು ಕ್ರಿಸ್‌ಮಸ್, ಹೊಸವರ್ಷದ ಹೊತ್ತಿಗೆ. ಆಗ ಎಷ್ಟೋ ರಿಸಾರ್ಟುಗಳು ‘ಗಾಲಾ ಡಿನ್ನರ್’ ಎಂಬ ಕಡ್ಡಾಯ ಔತಣವನ್ನು ನಿಮ್ಮ ಬಿಲ್ಲಿಗೆ ಸೇರಿಸಿಯೇ ಬಿಡುತ್ತವೆ, ನೀವು ಉಣ್ಣಿ ಬಿಡಿ. ಆದರೆ ನಮಗದು ಧನುರ್ಮಾಸ, ಮುಹೂರ್ತವೇ ಇಲ್ಲ. ಮಾಲ್ಡೀವ್ಸಿನ ಅತಿ ದುಬಾರಿ ವಾರದಿಂದ ಕನ್ನಡದ ಹುಡುಗರನ್ನು ಕಾಪಾಡುತ್ತಿರುವುದು ಪಂಚಾಂಗ. ಯಾವ ಟ್ರಾವೆಲ್ ಏಜೆಂಟನೂ ಇಷ್ಟು ಉಳಿತಾಯ ಮಾಡಿಕೊಡಲಾರ.

ಆದರೆ ಅದೇ ಪಂಚಾಂಗ ವೈಶಾಖದಲ್ಲಿ ಕೈಕೊಡುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಸಾಲುಸಾಲು ಲಗ್ನ. ಅಲ್ಲಿ ನೈರುತ್ಯ ಮಳೆಗಾಳಿ ಆಗಲೇ ಹೊಕ್ಕಿರುತ್ತದೆ. ಇದರಲ್ಲೊಂದು ತಮಾಷೆ ಇದೆ. ನಮ್ಮ ರೈತರು ಅಶ್ವಿನಿ ಮಳೆ, ಭರಣಿ ಮಳೆ, ಕೃತ್ತಿಕೆ, ರೋಹಿಣಿ ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ ಹಿಡಿದು ಮಳೆ ಲೆಕ್ಕ ಹಾಕುತ್ತಾರಲ್ಲ, ಮಾಲ್ಡೀವ್ಸಿನ ಮೀನುಗಾರರದ್ದೂ ಅದೇ ಲೆಕ್ಕ. ಅವರು ಅದನ್ನು ನಕೈ ಅನ್ನುತ್ತಾರೆ, ಇಪ್ಪತ್ತೇಳು ನಕೈ, ಅಸ್ಸಿದ, ಬುರುನು, ಕೆತಿ, ರೋನು ಅಂತ ನಮ್ಮ ಸಾಲಿನಲ್ಲೇ ಬರುತ್ತವೆ. ಅಸ್ಸಿದ ಶುರುವಾಗುವುದು ಏಪ್ರಿಲ್ ಎರಡನೆಯ ವಾರದ ಆಸುಪಾಸಿನಲ್ಲಿ, ನಮ್ಮ ಅಶ್ವಿನಿಗಿಂತ ಕೆಲವೇ ದಿನ ಮುಂಚೆ. ಹಾಗಾಗಿ ಹವಾಮಾನದ ಆ್ಯಪ್ ನೋಡಿ ತಲೆಕೆಡಿಸಿಕೊಳ್ಳುವುದಕ್ಕಿಂತ ಊರಲ್ಲಿರುವ ದೊಡ್ಡಪ್ಪನನ್ನು ಕೇಳಿ. ಮೇ ಕೊನೆಗೆ ರೋಹಿಣಿ ಮಳೆ ಅಂತ ಅವರು ಹೇಳಿದರೆ ಅಲ್ಲಿನ ರಾಜಧಾನಿ ಮಾಲೆಯ ಮೀನುಗಾರನೂ ತಲೆಯಾಡಿಸುತ್ತಾನೆ.

ಮಳೆಗಾಲವೆಂದು ಹೆದರಬೇಕಾಗಿಲ್ಲ. ಮಳೆ ದಿನವಿಡೀ ಸುರಿಯುವುದು ಅಪರೂಪ, ಬಂದು ಹೋಗುತ್ತದೆ. ರೇಟು ಇಳಿದಿರುತ್ತದೆ. ಬಾ ಅಟಾಲ್ ಎಂಬ ದ್ವೀಪಗುಚ್ಛದ ಹನಿಫಾರು ಕೊಲ್ಲಿಗೆ ಮ್ಯಾಂಟಾ ರೇ ಎಂಬ ಅಗಲ ರೆಕ್ಕೆಯ ಮೀನುಗಳು ಹಿಂಡುಹಿಂಡಾಗಿ ಬರುವುದೂ ಆ ತಿಂಗಳುಗಳಲ್ಲೇ. ಇನ್ನು ಮಳೆ ಹಿಡಿದು ಕೋಣೆಯೊಳಗೇ ಕೂರಬೇಕಾಗಿ ಬಂತು ಅನ್ನಿ. ಹನಿಮೂನಿಗೆ ಹೋದವರು ಅದನ್ನು ದೂರು ಅಂತ ಹೇಳಿಕೊಂಡರೆ ಕೇಳುವವರು ನಗುತ್ತಾರೆ.

ಈಗ ದುಡ್ಡಿನ ಮಾತು. ರಿಸಾರ್ಟಿನ ಬೆಲೆಪಟ್ಟಿಯಲ್ಲಿ ಒಂದು ರಾತ್ರಿಗೆ 300 ಡಾಲರ್ ಅಂತ ದಪ್ಪಕ್ಷರದಲ್ಲಿದ್ದು, ಅದರ ಪಕ್ಕ ಎರಡು ಪುಟ್ಟ ಕೂಡಿಸುವ ಚಿಹ್ನೆಗಳು ಕೂತಿರುತ್ತವೆ ಅನ್ನಿ. ಪ್ರೇಮದಲ್ಲಿ ಬಿದ್ದವರಿಗೆ ಅವು ಕಾಣುವುದಿಲ್ಲ. ಅದಕ್ಕೇ ಅವನ್ನು ಅಷ್ಟು ಪುಟ್ಟದಾಗಿ ಬರೆದಿರುವುದು. ಮೊದಲ ಚಿಹ್ನೆ ಸೇವಾಶುಲ್ಕ, ಶೇಕಡಾ 10. ಮುನ್ನೂರು 330 ಆಯಿತು. ಎರಡನೆಯ ಚಿಹ್ನೆ ಪ್ರವಾಸೋದ್ಯಮದ ಜಿಎಸ್‌ಟಿ. 2025ರ ಜುಲೈಯಿಂದ ಅದು ಶೇಕಡಾ 17. ಅದನ್ನು ಹಾಕುವುದು ಮೂಲ ಮುನ್ನೂರರ ಮೇಲಲ್ಲ, ಸೇವಾಶುಲ್ಕ ಸೇರಿದ 330ರ ಮೇಲೆ. 386 ಆಯಿತು. ಮುಗಿಯಿತೇ? ಹಸಿರು ತೆರಿಗೆ ಇದೆ. ರಿಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್. 2025ರ ಜನವರಿಗೆ ಮುಂಚೆ ಆರು ಇತ್ತು. ನೀವು ಇಬ್ಬರು, ಅಲ್ಲಿಗೆ 24. ಎರಡು ದೇಹ ಒಂದೇ ಜೀವ ಎಂಬ ವಾದವನ್ನು ಆ ಸರಕಾರ ಒಪ್ಪುವುದಿಲ್ಲ. ಒಟ್ಟು 410 ಡಾಲರ್. ಮುನ್ನೂರರ ಕೋಣೆಗೆ ನಾನೂರ ಹತ್ತು!

ಇದು ಬರೀ ಮಲಗುವ ಖರ್ಚು. ಆ ಮಂಚದವರೆಗೆ ಹೋಗುವುದು ಹೇಗೆ? ಬೆಂಗಳೂರಿಂದ ಮಾಲೆಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ದೇವನಹಳ್ಳಿ ಮುಟ್ಟಲು ಕೆಲವೊಮ್ಮೆ ಅಷ್ಟೇ ಹಿಡಿಯುತ್ತದೆ. ಟಿಕೆಟ್ಟೂ ಕೈಗೆಟಕುವಂಥದ್ದೇ. ಇಲ್ಲೇ ಜನ ಮೋಸಹೋಗುವುದು. ‘ವಿಮಾನ ಇಷ್ಟು ಅಗ್ಗ, ಕೋಣೆಗೂ ಆಫರ್ ಇದೆ’ ಅಂತ ಹುಡುಗ ಕಾರ್ಡು ಉಜ್ಜಿಬಿಡುತ್ತಾನೆ. ಆಮೇಲೆ ತಿಳಿಯುತ್ತದೆ, ವಿಮಾನ ಇಳಿಯುವುದು ಹುಲುಲೆ ಎಂಬ ದ್ವೀಪದಲ್ಲಿ, ಕೋಣೆ ಇರುವುದು ನೂರಾರು ಕಿಲೋಮೀಟರ್ ಆಚೆಯ ಇನ್ನೊಂದು ದ್ವೀಪದಲ್ಲಿ, ನಡುವೆ ಇರುವುದೆಲ್ಲ ಸಮುದ್ರ. ಬಿಎಂಟಿಸಿ ಇಲ್ಲ, ಆಟೊ ಇಲ್ಲ, ಮೀಟರ್ ಮೇಲೆ ಒಂದೂವರೆ ಕೊಡ್ತೀನಿ ಅಂದರೂ ಬರುವವರಿಲ್ಲ.

ಹತ್ತಿರದ ದ್ವೀಪವಾದರೆ ಸ್ಪೀಡ್‌ಬೋಟ್. ದೂರದ್ದಾದರೆ ಸೀಪ್ಲೇನ್: ನೀರಿನಿಂದಲೇ ಏರಿ ನೀರಿಗೇ ಇಳಿಯುವ, ಹದಿನೈದು ಜನ ಹಿಡಿಸುವ ಪುಟ್ಟ ಟ್ವಿನ್ ಆಟರ್ ವಿಮಾನ. ಪೈಲಟ್‌ಗಳು ಬರಿಗಾಲಲ್ಲಿ ಓಡಿಸುವುದಕ್ಕೆ ಹೆಸರುವಾಸಿ. ಎಂಜಿನ್ನಿನ ಸದ್ದು ಹಳ್ಳಿಯ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗೆ, ಪಿಸುಮಾತಿಗೆ ಅವಕಾಶವಿಲ್ಲ. ಆದರೆ ಕಿಟಕಿಯಿಂದ ಕೆಳಗೆ ಕಾಣುವ ಹವಳದ ಉಂಗುರಗಳು, ನೀಲಿಯೊಳಗೆ ಇನ್ನೊಂದು ನೀಲಿ... ಅದಕ್ಕೆ ಸೋಲದವರಿಲ್ಲ, ಸುಳ್ಳು ಯಾಕೆ ಹೇಳಬೇಕು. ಹೋಗಿಬರುವುದಕ್ಕೆ ಒಬ್ಬರಿಗೆ ನಾನೂರರಿಂದ ಆರುನೂರು ಡಾಲರ್ ಸಾಮಾನ್ಯ. ಬೆಂಗಳೂರಿಂದ ಮಾಲೆಗೆ ಕೊಟ್ಟಿದ್ದಕ್ಕಿಂತ ಹೆಚ್ಚು! ಮೇಲಾಗಿ ಅದು ಹಗಲು ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ಮಾಲೆಯ ಪಕ್ಕದ ಹುಲುಮಾಲೆಯಲ್ಲಿ ಲಾಡ್ಜು ಹಿಡಿಯಬೇಕು. ಸಮುದ್ರದ ಮೇಲಿನ ವಿಲ್ಲಾಕ್ಕೆ ದುಡ್ಡು ಕಟ್ಟಿ, ಮೊದಲ ರಾತ್ರಿ ಎದುರುಮನೆಯ ಎಸಿಯ ಸದ್ದು ಕೇಳುತ್ತಾ ಮಲಗುವ ಭಾಗ್ಯ. ಲಗೇಜು ಸಾಮಾನ್ಯವಾಗಿ ಇಪ್ಪತ್ತು ಕಿಲೊ, ಕೈಚೀಲ ಐದು. ಬೀಗರು ಕೊಟ್ಟ ಚಕ್ಕುಲಿ-ಕೋಡುಬಳೆ ಡಬ್ಬ ಅಲ್ಲಿ ತೂಕಕ್ಕೆ ಬೀಳುತ್ತದೆ.

ಬೆಂಗಳೂರಿನ ವಿಮಾನದ ಟಿಕೆಟ್ ಬಿಟ್ಟು ಕೂಡಿಸಿ ನೋಡೋಣ. ನಾಲ್ಕು ರಾತ್ರಿಗೆ 1,640 ಡಾಲರ್. ಸೀಪ್ಲೇನಿಗೆ ಒಬ್ಬರಿಗೆ 450ರ ಲೆಕ್ಕದಲ್ಲಿ 900. ಒಟ್ಟು 2,540. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ 2,28,600 ರೂಪಾಯಿ. ಕಾರ್ಡು ಉಜ್ಜಿದ್ದಕ್ಕೆ ಬ್ಯಾಂಕಿನವರ ವಿದೇಶಿ ವಿನಿಮಯ ಶುಲ್ಕ ಬೇರೆ. ಇಲ್ಲಿಂದಲೇ ಪ್ಯಾಕೇಜ್ ಕೊಂಡಿರೋ, ಟಿಸಿಎಸ್ ಅಂತ ಒಂದಷ್ಟು ಹಿಡಿದುಕೊಳ್ಳುತ್ತಾರೆ. ಅದು ಆದಾಯ ತೆರಿಗೆಯ ಲೆಕ್ಕದಲ್ಲಿ ವಾಪಸು ಹೊಂದಿಕೆಯಾಗುತ್ತದೆ, ಆದರೆ ರಿಟರ್ನ್ ಸಲ್ಲಿಸುವ ಹೊತ್ತಿಗೆ ಹನಿಮೂನಿನ ಸಿಹಿ ಹೋಗಿ ತೆರಿಗೆಯ ಕಹಿ ಮಾತ್ರ ಉಳಿದಿರುತ್ತದೆ. ಇಷ್ಟಾದರೂ ಇನ್ನೂ ಒಂದು ತುತ್ತು ಬಾಯಿಗೆ ಹೋಗಿಲ್ಲ ಅನ್ನುವುದನ್ನು ಗಮನಿಸಿ.

ತುತ್ತಿನ ವಿಷಯಕ್ಕೆ ಬಂದರೆ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್, ಹಾಫ್ ಬೋರ್ಡ್, ಫುಲ್ ಬೋರ್ಡ್, ಆಲ್ ಇನ್‌ಕ್ಲೂಸಿವ್ ಅಂತ ನಾಲ್ಕು ವರ್ಣಗಳು. ಹಾಫ್ ಬೋರ್ಡಿನವರಿಗೆ ತಿಂಡಿ, ರಾತ್ರಿಯೂಟ ಉಂಟು, ಮಧ್ಯಾಹ್ನ ಇಲ್ಲ. ಆಗ ನಮ್ಮ ಹುಡುಗ ಒಂದು ಉಪಾಯ ಹೂಡುತ್ತಾನೆ: ಬೆಳಿಗ್ಗೆ ಹತ್ತೂವರೆಗೆ ಬಫೆ ಮುಚ್ಚುವ ಹೊತ್ತಿಗೆ ಹೋಗಿ ಎರಡು ಹೊತ್ತಿನದನ್ನು ಒಟ್ಟಿಗೇ ತಿನ್ನುವುದು. ಎಂಜಿನಿಯರಿಂಗ್ ಹಾಸ್ಟೆಲಿನ ವಿದ್ಯೆ ವ್ಯರ್ಥವಾಗುವುದಿಲ್ಲ. ಆದರೆ ಊಟದ ಜೊತೆಗಿನ ನೀರಿಗೂ ಬಿಲ್ಲು ಬಂದಾಗ ಅವನು ಸಪ್ಪಗಾಗುತ್ತಾನೆ. ನೀರಿಗೆ ಯಾಕೆ ದುಡ್ಡು ಅನ್ನಬೇಡಿ. ಸುತ್ತ ಸಮುದ್ರ, ಕುಡಿಯಲು ಹನಿ ಇಲ್ಲ. ಪ್ರತಿ ದ್ವೀಪವೂ ತನ್ನ ಉಪ್ಪುನೀರನ್ನು ತಾನೇ ಸಿಹಿ ಮಾಡಿಕೊಳ್ಳಬೇಕು, ಡೀಸೆಲ್ ಉರಿಸಿ ತನ್ನ ಕರೆಂಟು ತಾನೇ ಮಾಡಿಕೊಳ್ಳಬೇಕು. ಮೀನು, ತೆಂಗಿನಕಾಯಿ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲವೂ ಹಡಗಿನಲ್ಲಿ ಬರಬೇಕು.

ಎಲ್ಲಿಂದ ಬರಬೇಕು? ಬಹಳಷ್ಟು ನಮ್ಮಿಂದಲೇ. 1981ರ ಒಂದು ವ್ಯಾಪಾರ ಒಪ್ಪಂದದ ಪ್ರಕಾರ ಭಾರತ ಪ್ರತಿವರ್ಷ ಮಾಲ್ಡೀವ್ಸಿಗೆಂದೇ ಅಕ್ಕಿ, ಸಕ್ಕರೆ, ಆಲೂಗಡ್ಡೆ, ಈರುಳ್ಳಿ, ಮೊಟ್ಟೆಗಳ ಕೋಟಾ ಎತ್ತಿಡುತ್ತದೆ. 2024-25ರ ಸಾಲಿಗೆ 35,749 ಟನ್ ಈರುಳ್ಳಿ, ನಲವತ್ತೆರಡು ಕೋಟಿಗೂ ಮಿಕ್ಕಿ ಮೊಟ್ಟೆ! ಅಂದರೆ ಇಪ್ಪತ್ತು ಡಾಲರಿನ ಸ್ಯಾಂಡ್‌ವಿಚ್ಚಿನಲ್ಲಿ ನಿಮಗೆ ಸಿಕ್ಕುವ ಈರುಳ್ಳಿ ಬಿಲ್ಲೆ, ನಿಮಗಿಂತ ಮುಂಚೆ ಭಾರತದಿಂದ ಹೊರಟ ನಿಮ್ಮ ಸಹಯಾತ್ರಿಯೇ ಆಗಿದ್ದೀತು. ಅದು ನಿಮಗಿಂತ ಅಗ್ಗದ ದರದಲ್ಲಿ ಬಂದಿರುತ್ತದೆ, ಅಷ್ಟೇ ವ್ಯತ್ಯಾಸ.

ಹೀಗೆ ಲೆಕ್ಕ ಹಾಕುವಾಗ ಚರಿತ್ರೆ ಕಿಸಕ್ಕನೆ ನಗುವುದು ಕೇಳಿಸುತ್ತದೆ. ಯಾಕೆ ಅಂತೀರಾ? ನಾವು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅಂತ ಬೈಯುತ್ತೇವಲ್ಲ, ಒಂದು ಕಾಲಕ್ಕೆ ಆ ಕವಡೆ ಹೊರಡುತ್ತಿದ್ದುದೇ ಈ ದ್ವೀಪಗಳಿಂದ. ಹಡಗುಗಟ್ಟಲೆ ಕವಡೆ ಬಂಗಾಳಕ್ಕೆ ಹೋಗಿ ನಾಣ್ಯವಾಗಿ ಓಡುತ್ತಿತ್ತು, ಅದರ ಬದಲಿಗೆ ಅಕ್ಕಿ ಬರುತ್ತಿತ್ತು. ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದಿನಾರ್ ಎಂದು ಬರೆದಿಟ್ಟವನು ಪ್ರವಾಸಿ ಇಬ್ನ್ ಬತೂತ. ಈ ಮಹಾಶಯ ನಮ್ಮ ಹೊನ್ನಾವರದ ಸುಲ್ತಾನನ ಅತಿಥಿಯಾಗಿದ್ದು, ಆಮೇಲೆ ಕಲ್ಲಿಕೋಟೆಯಿಂದ ಹಡಗು ಹತ್ತಿ 1343ರಲ್ಲಿ ಮಾಲ್ಡೀವ್ಸ್ ಸೇರಿದ. ಅಲ್ಲಿ ಕಾಜಿಯ ಕೆಲಸ ಸಿಕ್ಕಿತು. ಇಲ್ಲಿ ಮದುವೆಯಾಗುವುದು ಬಲು ಸುಲಭ, ವಧುದಕ್ಷಿಣೆ ತೀರಾ ಕಡಿಮೆ ಅಂತ ಖುಷಿಯಿಂದ ಬರೆದು, ಒಂದೇ ಕಾಲಕ್ಕೆ ನಾಲ್ವರನ್ನು ಮದುವೆಯಾದ. ಹೊರಡುವಾಗ ಅವರನ್ನು ಅಲ್ಲೇ ಬಿಟ್ಟು ಹೊರಟ. ನಾವು ಮದುವೆಯಾಗಿ ಆಮೇಲೆ ಅಲ್ಲಿಗೆ ಹೋಗುತ್ತೇವೆ. ಆತ ಅಲ್ಲಿಗೆ ಹೋಗಿ ಆಮೇಲೆ ಮದುವೆಯಾದ. ಬಜೆಟ್ಟಿನ ದೃಷ್ಟಿಯಿಂದ ಯಾರು ಜಾಣರು ಎಂಬುದನ್ನು ಮನೆಯಲ್ಲಿ ಚರ್ಚಿಸಬೇಡಿ.

ಕಾಗದಪತ್ರದ ಕಡೆ ಬನ್ನಿ. ಭಾರತೀಯರಿಗೆ ಮುಂಚಿತ ವೀಸಾ ಬೇಡ. ಹೊರಡುವುದಕ್ಕೆ ಮುಂಚಿನ 96 ಗಂಟೆಯೊಳಗೆ ಆನ್‌ಲೈನಿನಲ್ಲಿ ಒಂದು ಘೋಷಣಾಪತ್ರ ತುಂಬಿದರೆ ಆಯಿತು. ತೊಡಕು ಬರುವುದು ಹೆಸರಿನಲ್ಲಿ. ನಮ್ಮ ಇನಿಷಿಯಲ್ಲಿನಲ್ಲಿ ಊರು, ಅಪ್ಪ, ಅಜ್ಜ ಎಲ್ಲರೂ ಮುದುಡಿ ಕೂತಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಅವರೆಲ್ಲ ಕಾಲು ಚಾಚುತ್ತಾರೆ. ಹಾಗಾಗಿ ರಿಸಾರ್ಟಿನ ಹುಡುಗಿ ನಗುಮುಖದಿಂದ ‘ವೆಲ್‌ಕಮ್ ಮಿಸ್ಟರ್ ಹೊಳೆನರಸೀಪುರ’ ಅಂದರೆ ಹಿಂದೆ ತಿರುಗಿ ನೋಡಬೇಡಿ, ಅದು ನೀವೇ. ಹೆಂಡತಿಯ ಟಿಕೆಟ್ಟಿನಲ್ಲಿ ಪ್ರೀತಿಯಿಂದ ನಿಮ್ಮ ಹೆಸರನ್ನು ಸೇರಿಸಿಯೂ ಬಿಡಬೇಡಿ; ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರಿದ್ದರೆ ಟಿಕೆಟ್ಟಿನಲ್ಲೂ ಅಪ್ಪನೇ ಇರಬೇಕು. ಮದುವೆ ನೋಂದಣಿ ಪತ್ರದ ಪ್ರತಿ ಇಟ್ಟುಕೊಳ್ಳಿ. ಹೊಸ ಜೋಡಿಗೆಂದು ಕೊಡುವ ಕೇಕು, ಹಾಸಿಗೆಯ ಮೇಲಿನ ಹೂವಿನ ಪಕಳೆ, ಟವೆಲ್ಲಿನಲ್ಲಿ ಮಡಚಿದ ಹಂಸದ ಜೋಡಿ, ಇವಕ್ಕೆ ಎಷ್ಟೋ ಕಡೆ ಪುರಾವೆ ಕೇಳುತ್ತಾರೆ. ಸಬ್‌ರಿಜಿಸ್ಟ್ರಾರ್ ಸಹಿ ಇಲ್ಲದ ಪ್ರೇಮಕ್ಕೆ ಅಲ್ಲಿ ಕೇಕಿಲ್ಲ.

ಪೆಟ್ಟಿಗೆಗೆ ಏನು ತುಂಬಬಾರದು ಅನ್ನುವುದೂ ಮುಖ್ಯ. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಆಸೆಯಿಂದ ಕೊಂಡ ಬಾಟಲಿಯನ್ನು ಮಾಲೆಯ ಕಸ್ಟಮ್ಸಿನವರು ತೆಗೆದಿರಿಸಿಕೊಳ್ಳುತ್ತಾರೆ. ರಿಸಾರ್ಟಿನೊಳಗೆ ಮದ್ಯಕ್ಕೆ ಅಡ್ಡಿಯಿಲ್ಲ, ಹೊರಗಿನಿಂದ ತರುವಂತಿಲ್ಲ. ಪೂಜೆಯ ವಿಗ್ರಹಗಳನ್ನೂ ಆ ದೇಶ ಒಳಗೆ ಬಿಡುವುದಿಲ್ಲ. ಹಾಗಾಗಿ ‘ದಾರಿಯಲ್ಲಿ ಕಾಪಾಡ್ತಾನೆ’ ಅಂತ ಅಮ್ಮ ಬಟ್ಟೆಯ ನಡುವೆ ಇಟ್ಟ ಬೆಳ್ಳಿ ಗಣಪತಿಯನ್ನು ವಿನಯದಿಂದ ಮನೆಯಲ್ಲೇ ಬಿಟ್ಟು ಹೊರಡಿ. ಬರುವಾಗ ಹವಳದ ಚೂರು ಜೇಬಿಗೆ ಹಾಕಿಕೊಳ್ಳುವುದೂ ಅಪರಾಧವೇ. ಚಟ್ನಿಪುಡಿಗೆ ತಕರಾರಿಲ್ಲ.

ದುಬಾರಿಯಾಯಿತು ಅನ್ನುವವರಿಗೆ ಅದೇ ಮಾಲ್ಡೀವ್ಸಿನಲ್ಲಿ ಇನ್ನೊಂದು ಬಾಗಿಲಿದೆ. 2009ರ ಸುಮಾರಿಗೆ ಜನವಸತಿಯ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅನುಮತಿ ಸಿಕ್ಕಿತು. ಮಾಫುಶಿಯಂಥ ಊರುಗಳಲ್ಲಿ ಅರವತ್ತರಿಂದ ನೂರು ಡಾಲರಿನೊಳಗೆ ಒಳ್ಳೆಯ ಕೋಣೆಗಳಿವೆ, ಸಣ್ಣ ಗೆಸ್ಟ್‌ಹೌಸುಗಳಲ್ಲಿ ಹಸಿರು ತೆರಿಗೆಯೂ ಅರ್ಧ. ಮಾಲೆಯಿಂದ ಸರಕಾರಿ ದೋಣಿಯಲ್ಲಿ ಒಂದೂವರೆ ಗಂಟೆ, ಪುಡಿಗಾಸಿನ ದರ. ಶುಕ್ರವಾರ ಮಾತ್ರ ದೋಣಿಗೆ ರಜೆ. ಅದು ಮುಸ್ಲಿಂ ಊರು. ಮದ್ಯವಿಲ್ಲ, ಈಜುಡುಗೆಗೆ ಬೇರೆಯೇ ಕಡಲತೀರ. ಮನೆಗಳಿವೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಸಂಜೆ ಬಾಗಿಲಲ್ಲಿ ಕೂತು ಹೋಗುವವರನ್ನು ನೋಡುವ ಅಜ್ಜಿಯರಿದ್ದಾರೆ. ಬೆಳಗಿನ ತಿಂಡಿಗೆ ಮಾಸ್ ಹುನಿ, ಅಂದರೆ ಹಸಿ ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ, ಟ್ಯೂನಾ ಮೀನು ಕಲಸಿದ್ದು. ಜೊತೆಗೆ ಚಪಾತಿಯ ದಾಯಾದಿ ರೊಶಿ. ಮಂಗಳೂರು ಕಡೆಯವರು ಅದನ್ನು ಮರುಮಾತಿಲ್ಲದೆ ಖಾಲಿ ಮಾಡುತ್ತಾರೆ. ಸಮುದ್ರವಂತೂ ಅದೇ ನೀಲಿ. ಬಡವರ ದ್ವೀಪಕ್ಕೆ ಬೇರೆ ಬಣ್ಣ ಹಚ್ಚಿಲ್ಲ. ಸಿಗದೇ ಇರುವುದು ಒಂದೇ, ಆ ‘ಯಾರೂ ಇಲ್ಲ’.

‘ನಮ್ಮ ದೇಶದ್ದೇ ದ್ವೀಪ ಇಲ್ಲವೇ?’ ಅಂತ ದೇಶಾಭಿಮಾನಿ ಚಿಕ್ಕಪ್ಪ ಕೇಳುತ್ತಾರೆ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪದ ಫೋಟೊಗಳ ಹಿಂದೆಯೇ ಮಾಲ್ಡೀವ್ಸಿನ ಜೊತೆ ಜಟಾಪಟಿ ಎದ್ದಾಗ ಎಲ್ಲರೂ ಕೇಳಿದ್ದರು. ಹೋಗಬಹುದು, ಖಂಡಿತ. ಆದರೆ ಲಕ್ಷದ್ವೀಪಕ್ಕೆ ಪರವಾನಗಿ ಬೇಕು, 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ, ಅಗತ್ತಿಯ ಪುಟ್ಟ ರನ್‌ವೇಗೆ ಇಳಿಯುವುದು ಚಿಕ್ಕ ವಿಮಾನ ಮಾತ್ರ, ಕೋಣೆಗಳು ಬೆರಳೆಣಿಕೆ. ಅಲ್ಲಿ ನಿಜವಾಗಿಯೂ ಯಾರೂ ಇಲ್ಲ. ಎಷ್ಟೋ ಸಲ ನಿಮಗೂ ಜಾಗವಿಲ್ಲ. ಅಂಡಮಾನ್ ಸುಲಭ. 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರು ಬದಲಾದ ಹ್ಯಾವ್ಲಾಕಿನ ರಾಧಾನಗರ ಕಡಲತೀರ ಯಾವ ಮಾಲ್ಡೀವ್ಸಿಗೂ ತಲೆಬಾಗಬೇಕಿಲ್ಲ. ತೊಡಕು ಎರಡೇ. ಭಾರತದ ಗಡಿಯಾರಕ್ಕೇ ಕಟ್ಟುಬಿದ್ದ ಪೂರ್ವದ ಊರಾದ್ದರಿಂದ ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ನಿದ್ದೆ ಮಾಡಿ ಎದ್ದವರಿಗೆ ಸೂರ್ಯಾಸ್ತದ ಫೋಟೊ ಇಲ್ಲ. ಎರಡನೆಯದು, ಕೇಂದ್ರ ಸರಕಾರದ ಎಲ್‌ಟಿಸಿಯಲ್ಲಿ ಸಂಸಾರಸಮೇತ ಬರುವವರಿಗೆ ಅಂಡಮಾನ್ ಅಂದರೆ ಪ್ರಾಣ. ನೀವು ತೀರದಲ್ಲಿ ಕೈಕೈ ಹಿಡಿದು ನಿಂತ ಗಳಿಗೆಯಲ್ಲೇ ಹಿಂದಿನಿಂದ ‘ಏನಪ್ಪಾ, ನೀನು ನಮ್ಮ ಅಕೌಂಟ್ಸ್ ಸೆಕ್ಷನ್ ರಾಯರ ಮಗ ಅಲ್ವಾ?’ ಎಂಬ ದನಿ ಬರಬಹುದು. ಇನ್ನು ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪ? ಲಾವಾ ತಣಿದು ಕಂಬಕಂಬವಾಗಿ ನಿಂತ ಕಲ್ಲುಗಳ ಅಪರೂಪದ ಜಾಗ. ಆದರೆ ರಾತ್ರಿ ತಂಗುವಂತಿಲ್ಲ. ಹಗಲಿನ ಹನಿಮೂನ್ ಯಾರಿಗೆ ಬೇಕು?

ಅಂತೂ ಸಾಲಸೋಲ ಮಾಡಿ ಮಾಲ್ಡೀವ್ಸಿನ ನೀರ ಮೇಲಿನ ವಿಲ್ಲಾಕ್ಕೇ ಹೋದರು ಅನ್ನಿ. ಈಜು ಬಾರದ ಇಬ್ಬರು, ಸುತ್ತ ನೀರು, ನೆಲಕ್ಕೆ ಗಾಜು. ಕೆಳಗಿನಿಂದ ಮೀನುಗಳು ಇಣುಕುತ್ತವೆ. ಎಷ್ಟೋ ರಿಸಾರ್ಟುಗಳಲ್ಲಿ ಗಡಿಯಾರವನ್ನೂ ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿರುತ್ತಾರೆ, ಬೆಳಕು ಹೆಚ್ಚು ಸಿಗಲಿ ಅಂತ. ಮೊದಲ ದಿನ ಬೆರಗು. ಆ ಬೆರಗನ್ನು ವೀಡಿಯೊ ಕಾಲ್ ಮಾಡಿ ಅಮ್ಮನಿಗೆ ತೋರಿಸಬೇಕು. ಅಮ್ಮ ಅಪ್ಪನನ್ನು ಕರೆಯುತ್ತಾರೆ, ಅಪ್ಪ ಪಕ್ಕದ ಮನೆಯವರನ್ನು. ‘ಬಾತ್‌ರೂಮ್ ತೋರ್ಸು’ ಅಂತ ಅಜ್ಜಿ. ಅಲ್ಲಿಗೆ ಯಾರೂ ಇಲ್ಲದ ದ್ವೀಪಕ್ಕೆ ಇಡೀ ವಠಾರ ಬಂದಾಯಿತು.

ಎರಡನೆಯ ದಿನ ತೇಲುವ ತಿಂಡಿ. ಬುಟ್ಟಿಯಂಥ ತಟ್ಟೆಯಲ್ಲಿ ಹಣ್ಣು, ಬ್ರೆಡ್ಡು, ಕಾಫಿ ಜೋಡಿಸಿ ಈಜುಕೊಳದಲ್ಲಿ ತೇಲಿಬಿಡುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಬೇರೆ ಬಿಲ್ಲು, ಆ ಎರಡು ಪುಟ್ಟ ಚಿಹ್ನೆಗಳ ಸಮೇತ. ತಟ್ಟೆ ನಿಮ್ಮ ಕಡೆ ಬರುವುದಿಲ್ಲ, ನೀವು ಅದರ ಕಡೆ ಹೋದರೆ ಅಲೆಯೆದ್ದು ದೂರ ಸರಿಯುತ್ತದೆ. ಫೋಟೊ ಸರಿಯಾಗಿ ಬರುವ ಹೊತ್ತಿಗೆ ಕಾಫಿ ತಣ್ಣಗಾಗಿ, ಆಮ್ಲೆಟ್ಟಿಗೆ ನೀರು ಹೊಕ್ಕಿರುತ್ತದೆ. ಆ ಫೋಟೊಕ್ಕೆ ಲೈಕು ಎಷ್ಟು ಬಂತು ಎಂಬ ಲೆಕ್ಕದಲ್ಲಿ ಮಧ್ಯಾಹ್ನ ಕಳೆಯುತ್ತದೆ. ಇದೇ ದೇಶದ ಆಗಿನ ಅಧ್ಯಕ್ಷ ಮೊಹಮ್ಮದ್ ನಶೀದ್ 2009ರ ಅಕ್ಟೋಬರ್ 17ರಂದು ಮಂತ್ರಿಗಳನ್ನು ಕಟ್ಟಿಕೊಂಡು ಸಮುದ್ರದ ತಳದಲ್ಲಿ ಸಂಪುಟ ಸಭೆ ನಡೆಸಿದ್ದರು. ಅತಿ ಎತ್ತರದ ಜಾಗವೇ ಸುಮಾರು ಎರಡೂವರೆ ಮೀಟರಿರುವ ನಮ್ಮ ನೆಲ ಮುಳುಗುತ್ತಿದೆ, ಕೇಳಿಸಿಕೊಳ್ಳಿ ಅಂತ ಲೋಕಕ್ಕೆ ತಿಳಿಸಲು. ಲೋಕ ಎಷ್ಟು ಕೇಳಿಸಿಕೊಂಡಿತೋ, ನಮ್ಮ ಹುಡುಗಿಯರಂತೂ ಚೆನ್ನಾಗಿ ಕೇಳಿಸಿಕೊಂಡಿದ್ದಾರೆ. ‘ಮುಳುಗೋಕೆ ಮುಂಚೆ ನೋಡ್ಬೇಕು ರೀ’ ಅನ್ನುವ ವಾದದ ಮುಂದೆ ಯಾವ ಗಂಡನ ಬಜೆಟ್ಟೂ ನಿಂತದ್ದಿಲ್ಲ.

ಮೂರನೆಯ ದಿನ ಬಂತೋ, ನಿಜವಾದ ಪರೀಕ್ಷೆ. ಇಡೀ ದ್ವೀಪ ಸುತ್ತಲು ಹದಿನೈದು ನಿಮಿಷ ಸಾಕು, ಸುತ್ತಿಯಾಗಿದೆ. ಮಾತಾಡಿಯಾಗಿದೆ. ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು, ಯಾರು ಊಟದಲ್ಲಿ ಉಪ್ಪು ಕಡಿಮೆ ಅಂದರು, ಎಲ್ಲ ವಿಮರ್ಶೆಯೂ ಮುಗಿದಿದೆ. ಆಗ ಬಫೆಯ ಸಾಲಿನಲ್ಲಿ ‘ಸ್ವಲ್ಪ ಸರೀರಿ’ ಅಂತ ಒಂದು ಮಾತು ಕಿವಿಗೆ ಬೀಳುತ್ತದೆ ನೋಡಿ, ಹುಡುಗನ ಮುಖ ಅರಳಿಬಿಡುತ್ತದೆ. ‘ನೀವು ಕನ್ನಡದವರಾ? ಯಾವ ಊರು? ದಾವಣಗೆರೆಲಿ ಎಲ್ಲಿ?’ ಅರ್ಧ ಗಂಟೆಯಲ್ಲಿ ಎರಡು ಜೋಡಿಗಳೂ ಒಂದೇ ಮೇಜು. ಗಂಡಂದಿರು ಸೀಪ್ಲೇನಿಗೆ ಯಾರು ಎಷ್ಟು ಕೊಟ್ಟರು ಅಂತ ತಾಳೆ ನೋಡುತ್ತಾರೆ, ಹೆಂಡತಿಯರು ಅತ್ತೆಯಂದಿರನ್ನು ತಾಳೆ ನೋಡುತ್ತಾರೆ. ಚಟ್ನಿಪುಡಿ ಡಬ್ಬ ಹೊರಬರುತ್ತದೆ. ರಾತ್ರಿಗೆ 410 ಡಾಲರ್ ಕೊಟ್ಟು ಕೊಂಡ ಏಕಾಂತವನ್ನು ಒಂದು ಚಮಚ ಶೇಂಗಾ ಚಟ್ನಿಪುಡಿಗೆ ಬಿಟ್ಟುಕೊಡುವ ಔದಾರ್ಯ ನಮ್ಮವರಿಗಲ್ಲದೆ ಇನ್ಯಾರಿಗಿದೆ?

ಈ ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಮಾವ ಕೊಟ್ಟರೆ ಸುಖವಿಲ್ಲ: ದಿನಕ್ಕೆ ಎರಡು ಸಲ ‘ಚೆನ್ನಾಗಿದೆಯಾ ಅಳಿಯಂದ್ರೇ’ ಅನ್ನುವ ಫೋನಿಗೆ ವರದಿ ಒಪ್ಪಿಸಬೇಕು, ಮುಂದೆ ಇಪ್ಪತ್ತು ವರ್ಷ ಆ ಮಾತು ಹಬ್ಬಹಬ್ಬಕ್ಕೂ ಬಡಿಸಲ್ಪಡುತ್ತದೆ. ಇಎಂಐಯಲ್ಲಿ ಹೋದರೆ ಮೊದಲ ವಾರ್ಷಿಕೋತ್ಸವಕ್ಕೂ ಹನಿಮೂನಿನ ಕಂತು ಕಟ್ಟುತ್ತಿರಬೇಕು. ಮುಯ್ಯಿಯ ಕವರುಗಳನ್ನು ನೆಚ್ಚಿಕೊಂಡರೆ ಅದು ವಾಪಸು ಕೊಡಬೇಕಾದ ಸಾಲ; 501 ಹಾಕಿದವರ ಮನೆಯಲ್ಲಿ ಮುಂದಿನ ಮಾಘಕ್ಕೇ ಮದುವೆ ಇರುತ್ತದೆ. ಇಬ್ಬರೂ ದುಡಿಯುವ ಕಾಲ ಇದು. ಇಬ್ಬರೂ ಮೊದಲೇ ಕೂತು, ನಮ್ಮದೇ ದುಡ್ಡಿನಲ್ಲಿ ಇಷ್ಟು, ಇದರ ಮೇಲೆ ಒಂದು ಪೈಸೆ ಇಲ್ಲ ಅಂತ ಮೊತ್ತವನ್ನು ಬರೆದಿಟ್ಟು ಆಮೇಲೆ ದ್ವೀಪ ಹುಡುಕುವುದು ಮೇಲು. ದ್ವೀಪ ಹುಡುಕಿ ಆಮೇಲೆ ಮೊತ್ತ ಹೊಂದಿಸಲು ಹೋದವರು ಸಮುದ್ರ ನೋಡುವ ಮೊದಲೇ ಮುಳುಗುತ್ತಾರೆ.

ಆದ್ದರಿಂದ ಹೊಸ ಜೋಡಿಗಳಿಗೆ ಒಂದು ಮಾತು. ಕೋಣೆಯ ರೇಟು ನೋಡುವ ಮುಂಚೆ ಅಲ್ಲಿಗೆ ಮುಟ್ಟುವ ದೋಣಿಯದ್ದೋ ಸೀಪ್ಲೇನಿನದ್ದೋ ರೇಟು ಕೇಳಿ. ಎರಡು ಪುಟ್ಟ ಚಿಹ್ನೆಗಳನ್ನು ಭೂತಗನ್ನಡಿ ಹಿಡಿದು ಓದಿ. ಊಟವನ್ನು ಸೇರಿಸಿಯೇ ಬುಕ್ ಮಾಡಿ. ಸ್ಪೀಡ್‌ಬೋಟಿಗೆ ಸಿಕ್ಕುವ ದ್ವೀಪ ಹಿಡಿದು, ಎರಡು ರಾತ್ರಿ ಗೆಸ್ಟ್‌ಹೌಸಿನಲ್ಲಿ, ಒಂದೇ ರಾತ್ರಿ ನೀರ ಮೇಲಿನ ವಿಲ್ಲಾದಲ್ಲಿ ಇದ್ದು ಬನ್ನಿ. ಫೋಟೊ ನೋಡುವ ಸೋದರತ್ತೆಗೆ ಲೆಕ್ಕ ಗೊತ್ತಾಗುವುದಿಲ್ಲ. ಮೂರು ರಾತ್ರಿಗಿಂತ ಹೆಚ್ಚಿನ ಏಕಾಂತ ನಮ್ಮ ಜಾಯಮಾನಕ್ಕೆ ಒಗ್ಗುವುದಿಲ್ಲ. ಉಳಿದ ದುಡ್ಡನ್ನು ಜೋಪಾನವಾಗಿಡಿ, ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಅಡ್ವಾನ್ಸಿಗೆ ಬೇಕಾಗುತ್ತದೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲಿನಷ್ಟು ಉಪಯೋಗಕ್ಕೆ ಬರುವ ದ್ವೀಪ ಇನ್ನೊಂದಿಲ್ಲ. ಅದಕ್ಕೆ ಹಸಿರು ತೆರಿಗೆಯೂ ಇಲ್ಲ.